ಪರಿಸರ ಸೇವೆಗಳಿಗೆ ಪಾವತಿ ಇಚ್ಛೆ: ಅಂದಾಜಿನ ಸಂಖ್ಯಾಶಾಸ್ತ್ರೀಯ ವಿಧಾನಗಳು

ಸಂತೆಯಲ್ಲಿ ಬೆಲೆ ಕಟ್ಟಲಾಗದ ಒಳಿತುಗಳಿಗೆ ಜನ ಎಷ್ಟು ಕೊಡಲು ಮುಂದಾಗುತ್ತಾರೆ ಎಂದು ಲೆಕ್ಕ ಹಾಕುವ ವಿಧಾನಗಳ ಸಮೂಹವಿದು. ಕಾಡು ಹಿಡಿದಿಡುವ ನೀರು, ಮರದ ನೆರಳು, ಹೊಳೆಯ ತಿಳಿ, ಆನೆ ದಾರಿ ಬಿಟ್ಟು ಊರಿಗೆ ಬಾರದಿರುವ ನೆಮ್ಮದಿ ಇವೆಲ್ಲ ಪರಿಸರ ಸೇವೆಗಳು. ಇವನ್ನು ಉಳಿಸಿಕೊಳ್ಳಲು ಒಂದು ಮನೆಯವರು ಬೇರೆ ಖರ್ಚನ್ನು ಕಡಿಮೆ ಮಾಡಿಕೊಂಡು ಕೊಡಲು ಒಪ್ಪುವ ಗರಿಷ್ಠ ಮೊತ್ತಕ್ಕೆ ಪಾವತಿ ಇಚ್ಛೆ ಎನ್ನುತ್ತಾರೆ. ಅದನ್ನು ಯಾರೂ ಕಣ್ಣಾರೆ ಕಾಣಲಾರರು. ಕಾಣುವುದು ಪ್ರಶ್ನೆಗೆ ಬಂದ ಉತ್ತರ, ಮಾಡಿದ ಪ್ರಯಾಣ, ಕೊಂಡ ಜಮೀನಿನ ದರ. ಇವುಗಳಿಂದ ಒಳಗಿನ ಮೊತ್ತವನ್ನು ಊಹಿಸುವುದೇ ಇಲ್ಲಿ ಸಂಖ್ಯಾಶಾಸ್ತ್ರದ ಕೆಲಸ.

ಈ ಲೇಖನ ಆ ವಿಧಾನಗಳನ್ನು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ನೆಲದ ಮೇಲೆ ನಿಂತು ನೋಡುತ್ತದೆ. ಕಾಡು, ಹೊಳೆ, ಹೊಗೆಸೊಪ್ಪು, ಆದಿವಾಸಿಗಳ ಹಾಡಿ ನಾಲ್ಕೂ ಒಂದಕ್ಕೊಂದು ತಾಗಿಕೊಂಡಿರುವ ಜಾಗ ಇದು. ಸೂತ್ರಗಳು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದು ಇಲ್ಲಿ ಬೇಗ ಗೊತ್ತಾಗುತ್ತದೆ.

ನೆಲ ಮತ್ತು ಸೌದೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹಗುರ ಕೆಂಪು ಮಣ್ಣಿನಲ್ಲಿ ಮಳೆಯಾಶ್ರಯದಲ್ಲಿ ವರ್ಜೀನಿಯಾ ತಂಬಾಕು ಬೆಳೆಯುತ್ತಾರೆ. 1975ರ ಕಾಯ್ದೆಯಡಿ ರಚನೆಯಾದ ತಂಬಾಕು ಮಂಡಳಿ ಲೈಸೆನ್ಸ್ ಕೊಡುತ್ತದೆ, ವರ್ಷದ ಬೆಳೆ ಪ್ರಮಾಣ ನಿಗದಿ ಮಾಡುತ್ತದೆ, ಹರಾಜು ನಡೆಸುತ್ತದೆ. ಕರ್ನಾಟಕದಲ್ಲಿ ಈ ಹರಾಜು ಪದ್ಧತಿ 1984ರಲ್ಲಿ ಶುರುವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ಹೆಸರು ಈ ಭಾಗದ ಪ್ರತಿ ಮನೆಯ ಮಾತಿನಲ್ಲೂ ಬರುತ್ತದೆ. ಕೆ.ಆರ್. ನಗರದ್ದು ಹೆಚ್ಚಾಗಿ ಕಾವೇರಿ ನಾಲೆಯ ಭತ್ತದ ಬದುಕು.

ಆಗಸ್ಟ್ ತಿಂಗಳಲ್ಲಿ ಪಿರಿಯಾಪಟ್ಟಣದ ಕಡೆ ಹೋದರೆ ಬ್ಯಾರನ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಜಗಲಿಯ ಮೇಲೆ ಹೆಂಗಸರು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿರುತ್ತಾರೆ. ಆ ಕಡ್ಡಿಗಳನ್ನು ಬ್ಯಾರನ್ ಎಂಬ ಎತ್ತರದ ಕಟ್ಟಡದೊಳಗೆ ಸಾಲಾಗಿ ತೂಗುಹಾಕಿ ಒಲೆಗೆ ಬೆಂಕಿ ಕೊಟ್ಟರೆ ಐದಾರು ದಿನ ಅದು ಆರಕೂಡದು. ಎಲೆ ಹಳದಿಗೆ ತಿರುಗಬೇಕು, ಬಣ್ಣ ನಿಲ್ಲಬೇಕು, ಆಮೇಲೆ ನಡುನರ ಒಣಗಬೇಕು. ರಾತ್ರಿ ಎರಡು ಗಂಟೆಗೂ ಯಾರಾದರೊಬ್ಬರು ಎದ್ದು ಕೊರಡು ನೂಕುತ್ತಾರೆ. ಒಂದು ಕಿಲೋ ಹದವಾದ ಸೊಪ್ಪಿಗೆ ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ಮಂಡಳಿ ರಾಜ್ಯಕ್ಕೆ ನಿಗದಿ ಮಾಡುತ್ತ ಬಂದ ಬೆಳೆ ಹಲವು ವರ್ಷ ಹತ್ತು ಕೋಟಿ ಕಿಲೋ ಆಸುಪಾಸು. ಗುಣಿಸಿ ನೋಡಿದರೆ ವರ್ಷಕ್ಕೆ ನಾಲ್ಕರಿಂದ ಐದು ಲಕ್ಷ ಟನ್ ಸೌದೆಯಾಯಿತು. ನೀಲಗಿರಿ, ಸರ್ವೆ, ಸಿಲ್ವರ್ ಮರಗಳ ತೋಪುಗಳು ಇದರ ಒಂದು ಪಾಲನ್ನು ಒದಗಿಸುತ್ತವೆ. ಉಳಿದದ್ದು ಹೊಲದ ಬದುವಿನ ಮರ, ಊರಾಚೆಯ ಕುರುಚಲು, ದೂರದಿಂದ ಲಾರಿಯಲ್ಲಿ ಬಂದ ಮಾಲು.

ಪಕ್ಕದಲ್ಲೇ ನಾಗರಹೊಳೆ. 1955ರಲ್ಲಿ ಅಭಯಾರಣ್ಯವಾಗಿ ಶುರುವಾಗಿ 1999ರಲ್ಲಿ ಹುಲಿ ಯೋಜನೆಗೆ ಸೇರಿದ ಸುಮಾರು 643 ಚದರ ಕಿಲೋಮೀಟರ್ ಕಾಡು. ಜೇನುಕುರುಬರು, ಬೆಟ್ಟಕುರುಬರು, ಎರವರ ಹಾಡಿಗಳು ಕಾಡಿನೊಳಗೂ ಅಂಚಿನಲ್ಲೂ ಇವೆ. ಲಕ್ಷ್ಮಣತೀರ್ಥ ಹುಣಸೂರನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರು ಸೇರುತ್ತದೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರು ನಾಗರಹೊಳೆ ಮತ್ತು ಬಂಡೀಪುರದ ನಡುವೆ ನಿಂತಿದೆ. ಹೀಗೆ ಇಲ್ಲಿನ ಮರ ಉಳಿದರೆ ಲಾಭ ಇಲ್ಲಿಗಷ್ಟೇ ಸೀಮಿತವಲ್ಲ. ಕೆಳಗಿನ ಮೈಸೂರಿಗೂ ಬೆಂಗಳೂರಿಗೂ ಅದರ ಪಾಲು ಉಂಟು. ಹಾಗಾದರೆ ಯಾರನ್ನು ಏನೆಂದು ಕೇಳಬೇಕು?

ಕೊಡುವುದೋ, ಪಡೆಯುವುದೋ

ಸಂಖ್ಯಾಶಾಸ್ತ್ರ ಕೈಗೆ ಬರುವ ಮೊದಲೇ ಒಂದು ತೀರ್ಮಾನ ಆಗಿರುತ್ತದೆ. ‘ಇದನ್ನು ಉಳಿಸಲು ಎಷ್ಟು ಕೊಡುತ್ತೀರಿ?’ ಎಂದು ಕೇಳಿದರೆ ಆ ವಸ್ತು ಕೇಳಿಸಿಕೊಂಡವರದ್ದಲ್ಲ ಎಂದು ಒಪ್ಪಿದಂತೆ. ‘ಇದನ್ನು ಬಿಟ್ಟುಕೊಡಲು ಎಷ್ಟು ಬೇಕು?’ ಎಂದು ಕೇಳಿದರೆ ಅದು ಅವರದ್ದೇ ಎಂದು ಒಪ್ಪಿದಂತೆ. ಎರಡನೆಯದಕ್ಕೆ ಒಪ್ಪುವ ಪರಿಹಾರ ಎಂದು ಹೆಸರು. ಪುಸ್ತಕದ ಸಿದ್ಧಾಂತದಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. ನಿಜದಲ್ಲಿ ಇರುವುದಿಲ್ಲ.

ರಿಚರ್ಡ್ ಬಿಷಪ್ ಮತ್ತು ಥಾಮಸ್ ಹೆಬರ್ಲೈನ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹೆಬ್ಬಾತು ಬೇಟೆಯ ಪರವಾನಗಿ ಪಡೆದವರ ಮೇಲೆ ಮಾಡಿದ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಜವಾದ ಚೆಕ್ ಕಳಿಸಿ ಪರವಾನಗಿ ವಾಪಸು ಕೇಳಿದರು. ಸರಾಸರಿ 63 ಡಾಲರ್‌ಗೆ ಜನ ಒಪ್ಪಿದರು. ಕಾಗದದ ಮೇಲೆ ‘ಎಷ್ಟು ಸಿಕ್ಕರೆ ಬಿಟ್ಟುಕೊಡುತ್ತೀರಿ’ ಎಂದು ಕೇಳಿದವರಿಂದ ಬಂದದ್ದು 101. ‘ಇದೇ ಪರವಾನಗಿಗೆ ನೀವೇ ಎಷ್ಟು ಕೊಡುತ್ತಿದ್ದಿರಿ’ ಎಂದು ಕೇಳಿದವರಿಂದ ಬಂದದ್ದು 21. ಒಂದೇ ಕಾಗದದ ಚೂರಿಗೆ ಮೂರು ಬೆಲೆ.

ನಾಗರಹೊಳೆಯಲ್ಲಿ ಈ ಪ್ರಶ್ನೆ ಹೆಬ್ಬಾತಿನಷ್ಟು ಹಗುರವಲ್ಲ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಕೆ.ಎನ್. ನೈನನ್ ಮತ್ತು ಸಂಗಡಿಗರು ಇಲ್ಲಿನ ಆದಿವಾಸಿ ಕುಟುಂಬಗಳು ಕಾಡಿನ ಕಿರು ಉತ್ಪನ್ನಗಳಿಂದ ಪಡೆಯುವ ಲಾಭವನ್ನು ಲೆಕ್ಕ ಹಾಕಿದರು. ಸರ್ಕಾರದ ಪುನರ್ವಸತಿ ಪ್ಯಾಕೇಜ್ ಪಡೆದು ಕಾಡಿನಿಂದ ಹೊರಬರಲು ಅವರು ಒಪ್ಪುತ್ತಾರೆಯೇ, ಆ ಒಪ್ಪಿಗೆಯ ಹಿಂದೆ ಯಾವ ಸಾಮಾಜಿಕ, ಆರ್ಥಿಕ ಕಾರಣಗಳಿವೆ ಎಂಬುದನ್ನೂ ವಿಶ್ಲೇಷಿಸಿದರು. ಅಂದರೆ ಅವರು ಕೇಳಿದ್ದು ಪಾವತಿಯನ್ನಲ್ಲ, ಪರಿಹಾರವನ್ನು. ಕಾಡಿನ ಅಂಚಿನ ಕಾಫಿ ಬೆಳೆಗಾರರು ಕಾಡುಪ್ರಾಣಿಗಳಿಂದ ಅನುಭವಿಸುವ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಿಕೊಂಡ ಮೇಲೂ ಆ ಕಿರು ಉತ್ಪನ್ನಗಳ ಮೌಲ್ಯ ದೊಡ್ಡದಾಗಿಯೇ ಉಳಿಯಿತು. ಈ ಕೆಲಸಗಳು 2007ರಲ್ಲಿ ಪುಸ್ತಕವಾಗಿ ಬಂದವು. 2016ರಲ್ಲಿ ನೈನನ್ ಮತ್ತು ಆಂಡ್ರಿಯಾಸ್ ಕೊಂಟೊಲಿಯಾನ್ ನಾಗರಹೊಳೆ ಕಾಡಿನ ಸೇವೆಗಳ ಜೊತೆಗೆ ಅದರಿಂದಾಗುವ ಹಾನಿಗಳಿಗೂ ಬೆಲೆ ಕಟ್ಟಿದರು. ಆನೆ ತುಳಿದ ಹೊಲವನ್ನು ಮರೆತು ಕಾಡಿನ ಲಾಭ ಮಾತ್ರ ಬರೆಯುವ ಲೆಕ್ಕಗಳ ನಡುವೆ ಇದು ನ್ಯಾಯವಾದ ಹೆಜ್ಜೆ.

ನನ್ನ ಅಭಿಪ್ರಾಯದಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಹಾಡಿಯ ಜನರನ್ನು ‘ಕಾಡಿಗಾಗಿ ಎಷ್ಟು ಕೊಡುತ್ತೀರಿ’ ಎಂದು ಕೇಳುವುದು ಅಧ್ಯಯನದ ತಪ್ಪಷ್ಟೇ ಅಲ್ಲ, ಹಕ್ಕಿನ ತಪ್ಪೂ ಹೌದು. ಪಾವತಿಯ ಪ್ರಶ್ನೆ ಹೋಗಬೇಕಾದದ್ದು ನೀರು ಕುಡಿಯುವ ಪಟ್ಟಣಕ್ಕೆ, ಸಫಾರಿಗೆ ಬರುವವರಿಗೆ, ಸೌದೆ ಸುಡುವ ಉದ್ಯಮದ ಲಾಭ ಉಣ್ಣುವವರಿಗೆ.

ಕೇಳುವ ಬಗೆ

ಕಾಲ್ಪನಿಕ ಮಾರುಕಟ್ಟೆ ವಿಧಾನ ಇವುಗಳಲ್ಲಿ ಹೆಚ್ಚು ಬಳಕೆಯದು. ಕಂಟಿಂಜೆಂಟ್ ವ್ಯಾಲ್ಯುಯೇಶನ್ ಎಂಬ ಹೆಸರಿನಲ್ಲೂ ಇದು ಪರಿಚಿತ. ಜನರನ್ನು ನೇರವಾಗಿ ಕೇಳಬಹುದೆಂಬ ಸಲಹೆಯನ್ನು 1947ರಲ್ಲಿ ಸಿರಿಯಾಸಿ-ವಾಂಟ್ರಪ್ ಕೊಟ್ಟರು. ರಾಬರ್ಟ್ ಡೇವಿಸ್ 1963ರ ತಮ್ಮ ಪ್ರಬಂಧದಲ್ಲಿ ಅಮೆರಿಕದ ಮೇನ್ ರಾಜ್ಯದ ಕಾಡಿಗೆ ಬರುವವರನ್ನು ನಿಜವಾಗಿ ಕೇಳಿದರು. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಅಲಾಸ್ಕಾದಲ್ಲಿ ತೈಲ ಸೋರಿದ ಮೇಲೆ ಇದು ನ್ಯಾಯಾಲಯದ ವಿಷಯವಾಯಿತು. ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಅಧ್ಯಕ್ಷತೆಯ ತಜ್ಞರ ಸಮಿತಿ 1993ರಲ್ಲಿ ನಿಯಮ ಹಾಕಿಕೊಟ್ಟಿತು: ಮುಖತಃ ಭೇಟಿಯಾಗಿ ಕೇಳಿ, ಮತ ಹಾಕಿಸುವಂತೆ ಹೌದು ಅಥವಾ ಇಲ್ಲ ಎನ್ನಿಸಿ, ಮನೆಯ ಬೇರೆ ಖರ್ಚುಗಳನ್ನು ನೆನಪಿಸಿ, ಅನುಮಾನ ಬಂದಲ್ಲಿ ಕಡಿಮೆ ಮೊತ್ತದ ಕಡೆಗೇ ವಾಲಿ. ಪರಿಹಾರಕ್ಕಿಂತ ಪಾವತಿಯನ್ನೇ ಕೇಳಿ ಎಂದೂ ಅದು ಹೇಳಿತು. ನ್ಯಾಯಾಲಯದಲ್ಲಿ ಅದು ಎಚ್ಚರಿಕೆಯ ಮಾತು. ನಾಗರಹೊಳೆಯ ಹಾಡಿಗೆ ಅದನ್ನು ಹಾಗೆಯೇ ತರಲಾಗದು.

‘ನೀವೇ ಹೇಳಿ, ಎಷ್ಟು ಕೊಡುತ್ತೀರಿ?’ ಎಂಬ ತೆರೆದ ಪ್ರಶ್ನೆಗೆ ಹೆಚ್ಚಿನವರು ಕಕ್ಕಾಬಿಕ್ಕಿಯಾಗುತ್ತಾರೆ. ಸೊಪ್ಪಿಗೂ ಭತ್ತಕ್ಕೂ ದರ ಹೇಳುವುದು ಕೊಳ್ಳುವವನು, ರೈತ ಆಗುತ್ತೆ ಆಗಲ್ಲ ಅನ್ನುತ್ತಾನೆ. ಹೌದು–ಇಲ್ಲ ಪ್ರಶ್ನೆ ಆ ರೂಢಿಗೆ ಹತ್ತಿರ. ಒಬ್ಬೊಬ್ಬರಿಗೆ ಒಂದೊಂದು ಮೊತ್ತವನ್ನು ಚೀಟಿ ಎತ್ತಿದಂತೆ ಹಂಚಿ, ಇಷ್ಟಾದರೆ ಒಪ್ಪಿಗೆಯೇ ಎಂದು ಕೇಳುತ್ತಾರೆ. ಮೊತ್ತ ಏರಿದಂತೆ ಹೌದು ಎನ್ನುವವರ ಪಾಲು ಇಳಿಯಬೇಕು. ಆ ಇಳಿಜಾರೇ ಜನರ ಮನಸ್ಸಿನ ಚಿತ್ರ. ಮೈಕೆಲ್ ಹಾನೆಮನ್ 1984ರಲ್ಲಿ ಇದಕ್ಕೆ ಸಿದ್ಧಾಂತದ ಬುನಾದಿ ಹಾಕಿದರು: ಕೊಟ್ಟು ಪಡೆದ ಸ್ಥಿತಿ ಕೊಡದೆ ಕಳೆದುಕೊಂಡ ಸ್ಥಿತಿಗಿಂತ ಮೇಲೆನಿಸಿದರೆ ‘ಹೌದು’, ಸಂಶೋಧಕನಿಗೆ ಕಾಣದ ಭಾಗವನ್ನು ಸಂಭವನೀಯತೆ ತುಂಬುತ್ತದೆ. ಆ ಕಾಣದ ಭಾಗದ ವಿತರಣೆಯನ್ನು ಹೇಗೆಂದು ಭಾವಿಸುತ್ತೇವೋ ಅದರಂತೆ ಲಾಜಿಟ್ ಅಥವಾ ಪ್ರಾಬಿಟ್ ಮಾದರಿ.

ಒಂದು ಲೆಕ್ಕ

ಲೆಕ್ಕದ ಬಗೆ ತಿಳಿಯಲಿ ಎಂದು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಕೆರೆ ಏರಿ ಮತ್ತು ಬದುಗಳ ಮೇಲೆ ಹೊಂಗೆ, ಬೇವು, ಹಲಸು ನೆಟ್ಟು ಕಾಯುವ ಯೋಜನೆಗೆ ವರ್ಷಕ್ಕೊಮ್ಮೆ ಕೊಡುವ ಹಣದ ಪ್ರಶ್ನೆ. 200 ಮನೆಗಳನ್ನು ಐವತ್ತರಂತೆ ನಾಲ್ಕು ಗುಂಪು ಮಾಡಿ 50, 100, 200, 400 ರೂಪಾಯಿ ಕೇಳಿದೆವು. ಹೌದು ಎಂದವರು ಕ್ರಮವಾಗಿ 40, 30, 32, 10 ಮನೆ.

ಇಲ್ಲೊಂದು ತೊಡಕಿದೆ. 100 ರೂಪಾಯಿಗಿಂತ 200 ರೂಪಾಯಿಗೆ ಹೆಚ್ಚು ಜನ ಒಪ್ಪಿದ್ದಾರೆ. ಮನುಷ್ಯ ಸ್ವಭಾವ ಹಾಗಲ್ಲ, ಇದು ಸ್ಯಾಂಪಲ್‌ನ ಏರುಪೇರು. ಟರ್ನ್‌ಬುಲ್ ಹೆಸರಿನ ವಿಧಾನ ಈ ಎರಡು ಗುಂಪುಗಳನ್ನು ಸೇರಿಸಿಬಿಡುತ್ತದೆ: ನೂರರಲ್ಲಿ 62 ಹೌದು. ಈಗ ಇಳಿಜಾರು 80, 62, 20 ಪ್ರತಿಶತ. 400ಕ್ಕೂ ಒಪ್ಪಿದ 20 ಪ್ರತಿಶತ ಜನರದ್ದು 400 ಎಂದೇ ಹಿಡಿಯುತ್ತೇವೆ, ಹೆಚ್ಚಿಲ್ಲ. 100ಕ್ಕೆ ಒಪ್ಪಿ 400ಕ್ಕೆ ಒಪ್ಪದ 42 ಪ್ರತಿಶತದವರದ್ದು 100. 50ಕ್ಕೆ ಒಪ್ಪಿ 100ಕ್ಕೆ ಒಪ್ಪದ 18 ಪ್ರತಿಶತದವರದ್ದು 50. ಉಳಿದವರದ್ದು ಸೊನ್ನೆ. ಕೂಡಿದರೆ 80 ಮತ್ತು 42 ಮತ್ತು 9, ಒಟ್ಟು 131 ರೂಪಾಯಿ. ಇದು ಸರಾಸರಿಯ ಕೆಳಗಿನ ಮಿತಿ. ಯಾವ ವಿತರಣೆಯನ್ನೂ ಊಹಿಸದೆ ಸಿಕ್ಕಿದ್ದು.

ಇದೇ ಉತ್ತರಗಳಿಗೆ ಸರಳ ಲಾಜಿಟ್ ರೇಖೆ ಎಳೆದರೆ ಅರ್ಧ ಜನ ಒಪ್ಪುವ ಮೊತ್ತ, ಅಂದರೆ ಮಧ್ಯಾಂಕ, ಸುಮಾರು 220 ರೂಪಾಯಿ ಬರುತ್ತದೆ. ಋಣ ಮೊತ್ತಗಳಿಗೆ ಜಾಗವಿಲ್ಲವೆಂದು ಸೊನ್ನೆಯಿಂದ ಮೇಲಿನದ್ದಷ್ಟನ್ನೇ ಕೂಡಿದರೆ ಸರಾಸರಿ ಸುಮಾರು 250. ಮನೆ ಅದೇ, ಉತ್ತರ ಅದೇ. ಮೊತ್ತ ಹೆಚ್ಚುಕಡಿಮೆ ಇಮ್ಮಡಿ. ಹತ್ತು ಸಾವಿರ ಮನೆಗಳಿಗೆ ಹಬ್ಬಿಸಿದರೆ ಒಂದು ಲೆಕ್ಕದಲ್ಲಿ 13 ಲಕ್ಷ, ಇನ್ನೊಂದರಲ್ಲಿ 25 ಲಕ್ಷ. ಯೋಜನೆಯ ಖರ್ಚು 20 ಲಕ್ಷವಾಗಿದ್ದರೆ ಅದು ಮಂಜೂರಾಗುವುದೋ ಬಿದ್ದುಹೋಗುವುದೋ ಎಂಬುದನ್ನು ಜನ ತೀರ್ಮಾನಿಸಲಿಲ್ಲ, ಸೂತ್ರ ಆರಿಸಿದವರು ತೀರ್ಮಾನಿಸಿದರು. ಆದ್ದರಿಂದ ಯಾವುದೇ ವರದಿ ಒಂದೇ ಅಂಕಿ ಕೊಟ್ಟು ಸುಮ್ಮನಾದರೆ ನಂಬಬೇಡಿ. ಎರಡು ಮೂರು ವಿಧಾನಗಳ ಫಲ, ಜೊತೆಗೆ ಅಂದಾಜು ಎಷ್ಟರಿಂದ ಎಷ್ಟರವರೆಗೆ ಹೋಗಬಹುದೆಂದು ಹೇಳುವ ವಿಶ್ವಾಸಾಂತರ ಇರಬೇಕು. ಲಾಜಿಟ್ ಗುಣಾಂಕಗಳ ಭಾಗಲಬ್ಧವಾಗಿ ಬರುವ ಈ ಮೊತ್ತಕ್ಕೆ ವಿಶ್ವಾಸಾಂತರ ಕಟ್ಟಲು 1986ರ ಕ್ರಿನ್ಸ್ಕಿ–ರಾಬ್ ವಿಧಾನ, ಇಲ್ಲವೇ ಬೂಟ್‌ಸ್ಟ್ರಾಪ್ ಬಳಸುತ್ತಾರೆ.

ಒಂದೇ ಪ್ರಶ್ನೆಯಿಂದ ಸಿಗುವ ಮಾಹಿತಿ ಕಡಿಮೆ ಎಂದು ಎರಡನೆಯದನ್ನೂ ಕೇಳುವ ಪದ್ಧತಿಯಿದೆ. 100ಕ್ಕೆ ಹೌದು ಎಂದರೆ 200 ಆದರೆ? ಇಲ್ಲ ಎಂದರೆ 50 ಆದರೆ? ಹಾನೆಮನ್, ಲೂಮಿಸ್, ಕ್ಯಾನಿನೆನ್ 1991ರಲ್ಲಿ ಇದರಿಂದ ಅಂದಾಜು ಬಿಗಿಯಾಗುವುದನ್ನು ತೋರಿಸಿದರು. ಬಿಗಿಯಾಗುವುದು ನಿಜ. ಆದರೆ ಎರಡನೆಯ ಮೊತ್ತ ಕೇಳಿದ ಕೂಡಲೇ ಚೌಕಾಸಿ ಶುರುವಾಯಿತೆಂದು ಜನ ಅಂದುಕೊಳ್ಳುತ್ತಾರೆ. ಮೊದಲ ಉತ್ತರ ಮತ್ತು ಎರಡನೆಯ ಉತ್ತರ ಒಂದೇ ಮನಸ್ಸಿನಿಂದ ಬಂದಿವೆ ಎಂಬ ಭಾವನೆ ಅಲ್ಲಿಗೆ ಸಡಿಲವಾಗುತ್ತದೆ.

ಒಂದೇ ಊರಿನ ಉತ್ತರಗಳು ಒಂದಕ್ಕೊಂದು ಸಂಬಂಧವಿಲ್ಲದವಲ್ಲ ಎಂಬುದನ್ನೂ ಮರೆಯಬಾರದು. ಬೆಳಿಗ್ಗೆ ಮೊದಲ ಮನೆಯಲ್ಲಿ ಕೇಳಿದ ಪ್ರಶ್ನೆ ಮಧ್ಯಾಹ್ನದ ಹೊತ್ತಿಗೆ ಅರಳಿಕಟ್ಟೆಗೆ ಬಂದಿರುತ್ತದೆ. ಐವತ್ತು ಮನೆ ಐವತ್ತು ಸ್ವತಂತ್ರ ಸಾಕ್ಷಿಗಳೆಂದು ಲೆಕ್ಕ ಹಾಕಿದರೆ ದೋಷದ ಪ್ರಮಾಣ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಊರನ್ನೇ ಒಂದು ಗುಚ್ಛವಾಗಿ ಹಿಡಿದು ಲೆಕ್ಕ ಮಾಡಬೇಕು.

ಸೊನ್ನೆಯ ಹಿಂದೆ

‘ಒಂದು ರೂಪಾಯಿಯೂ ಕೊಡಲ್ಲ’ ಎನ್ನುವವರು ಒಂದೇ ಬಗೆಯವರಲ್ಲ. ಕೈಯಲ್ಲಿ ಹಣವಿಲ್ಲದವರದ್ದು ನಿಜವಾದ ಸೊನ್ನೆ. ‘ಆನೆ ಬಂದು ರಾಗಿ ತಿಂದ್ರೆ ಕೇಳೋರಿಲ್ಲ, ಮರ ನೆಡೋಕೆ ನಾನ್ಯಾಕೆ ಕೊಡ್ಲಿ ಸ್ವಾಮಿ?’ ಎನ್ನುವವರದ್ದು ಪ್ರತಿಭಟನೆಯ ಸೊನ್ನೆ. ಇವರಿಗೆ ಮರ ಬೇಡವೆಂದಲ್ಲ, ಪ್ರಶ್ನೆಯಲ್ಲಿರುವ ನ್ಯಾಯ ಒಪ್ಪಿಗೆಯಿಲ್ಲ. ಬಹಳ ಅಧ್ಯಯನಗಳು ಇವರನ್ನು ಪಟ್ಟಿಯಿಂದ ಕೈಬಿಡುತ್ತವೆ. ಕೈಬಿಟ್ಟರೆ ಸರಾಸರಿ ಏರುತ್ತದೆ, ಉಳಿಸಿಕೊಂಡರೆ ಇಳಿಯುತ್ತದೆ. ಸೊನ್ನೆಯಲ್ಲಿ ರಾಶಿ ಬಿದ್ದ ಉತ್ತರಗಳಿಗೆ 1958ರ ಟೋಬಿಟ್ ಮಾದರಿ ಇದೆ. ಕೊಡಬೇಕೋ ಬೇಡವೋ ಎಂಬುದನ್ನೂ ಎಷ್ಟು ಎಂಬುದನ್ನೂ ಬೇರೆಬೇರೆ ತೀರ್ಮಾನವಾಗಿ ಹಿಡಿಯುವ 1971ರ ಕ್ರ್ಯಾಗ್ ಮಾದರಿ ಇದೆ. ಉತ್ತರ ಕೊಟ್ಟವರೇ ಒಂದು ತರಹದ ಜನ ಎಂಬ ಓರೆಯನ್ನು ತಿದ್ದುವ ಹೆಕ್‌ಮನ್ ವಿಧಾನ 1979ರದ್ದು. ಇವೆಲ್ಲ ಉಪಯುಕ್ತ. ಆದರೂ ‘ಯಾಕೆ ಕೊಡಲ್ಲ?’ ಎಂಬ ಒಂದು ಪ್ರಶ್ನೆಯನ್ನು ಫಾರಂನಲ್ಲಿ ಸೇರಿಸಿ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದಕ್ಕೆ ಸಮನಾದ ಮಾದರಿ ಯಾವುದೂ ಇಲ್ಲ.

ಇನ್ನೊಂದು ಕಾಯಿಲೆ ಗಾತ್ರಕ್ಕೆ ಕಿವುಡಾಗುವುದು. ಅಮೆರಿಕದಲ್ಲಿ ತೈಲದ ಹೊಂಡಗಳಿಗೆ ಬಿದ್ದು ಸಾಯುವ ಹಕ್ಕಿಗಳನ್ನು ಉಳಿಸುವ ಬಗ್ಗೆ ಕೇಳಿದಾಗ 2,000 ಹಕ್ಕಿಗೆ 80 ಡಾಲರ್, 20,000ಕ್ಕೆ 78, 2,00,000ಕ್ಕೆ 88 ಎಂದು ಉತ್ತರ ಬಂತು. ಜನ ಹಕ್ಕಿಯ ಲೆಕ್ಕಕ್ಕೆ ಬೆಲೆ ಕಟ್ಟಿರಲಿಲ್ಲ, ಒಂದು ಒಳ್ಳೆಯ ಕೆಲಸಕ್ಕೆ ಚಂದಾ ಹೇಳಿದ್ದರು. ಹಾಗಾಗಿ ಒಂದು ಕೆರೆ, ಹತ್ತು ಕೆರೆ ಎಂದು ಬೇರೆಬೇರೆ ಗುಂಪುಗಳನ್ನು ಕೇಳಿ ಮೊತ್ತ ಬದಲಾಗುತ್ತದೆಯೇ ಎಂದು ಪರೀಕ್ಷಿಸಬೇಕು.

ಹೇಳಿದ್ದನ್ನು ಜನ ಮಾಡುತ್ತಾರೆಯೇ? ನೆರೆಯ ಕೇರಳದಿಂದ ಒಂದು ಒಳ್ಳೆಯ ಸಾಕ್ಷಿಯಿದೆ. ನಲ್ಲಿ ನೀರಿನ ಸಂಪರ್ಕ ಪಡೆಯುತ್ತೀರಾ ಎಂದು 1988ರಲ್ಲಿ ಕೇಳಿದ್ದ ಮನೆಗಳಿಗೆ ಸಂಶೋಧಕರು ಕೆಲವು ವರ್ಷದ ನಂತರ ಮತ್ತೆ ಹೋಗಿ ನೋಡಿದರು. ಹೇಳಿದ್ದಕ್ಕೂ ಮಾಡಿದ್ದಕ್ಕೂ ಬಹುಮಟ್ಟಿಗೆ ತಾಳೆ ಬಿತ್ತು. ನಲ್ಲಿ ನೀರು ಜನರಿಗೆ ಗೊತ್ತಿರುವ ವಸ್ತು. ಅಷ್ಟೇ ನಂಬಿಕೆಯನ್ನು ‘ಜೀವವೈವಿಧ್ಯ’ ಎಂಬ ಪದದ ಮೇಲೆ ಇಡಲಾಗದು.

ನಡವಳಿಕೆಯಿಂದ

ಕೇಳದೆಯೇ ಅಳೆಯುವ ದಾರಿಗಳೂ ಇವೆ. ಹೆರಾಲ್ಡ್ ಹೊಟೆಲಿಂಗ್ 1947ರ ಪತ್ರವೊಂದರಲ್ಲಿ ಸೂಚಿಸಿದ ಪ್ರಯಾಣ ವೆಚ್ಚ ವಿಧಾನ ಅವುಗಳಲ್ಲಿ ಮುಖ್ಯ. ವೀರನಹೊಸಳ್ಳಿ ಅಥವಾ ದಮ್ಮನಕಟ್ಟೆಯ ಸಫಾರಿಗೆ ಬರುವವರು ಎಷ್ಟು ದೂರದಿಂದ, ಎಷ್ಟು ಖರ್ಚು ಮಾಡಿ, ವರ್ಷಕ್ಕೆ ಎಷ್ಟು ಸಲ ಬಂದರು ಎಂಬುದರಿಂದ ಬೇಡಿಕೆಯ ರೇಖೆ ಎಳೆಯುತ್ತಾರೆ. ಭೇಟಿಗಳ ಸಂಖ್ಯೆ 1, 2, 3 ಎಂದು ಎಣಿಕೆಯಾದ್ದರಿಂದ ಪಾಯ್ಸನ್ ಅಥವಾ ಋಣ ದ್ವಿಪದ ಮಾದರಿ. ಗೇಟಿನಲ್ಲಿ ನಿಂತು ಕೇಳಿದರೆ ಬಾರದವರು ಸಿಗುವುದೇ ಇಲ್ಲ, ಪದೇಪದೇ ಬರುವವರು ಹೆಚ್ಚು ಸಿಗುತ್ತಾರೆ. 1988ರಲ್ಲಿ ಶಾ ಇದಕ್ಕೆ ತಿದ್ದುಪಡಿ ಕೊಟ್ಟರು. ಜಮೀನಿನ ದರದಲ್ಲಿ ಅಡಗಿದ ಪರಿಸರದ ಪಾಲನ್ನು ಬಿಡಿಸುವ ಹೆಡಾನಿಕ್ ವಿಧಾನಕ್ಕೆ ನಂಬಲರ್ಹ ಕ್ರಯದ ಅಂಕಿ ಬೇಕು. ನೋಂದಣಿ ಕಾಗದದ ಮೊತ್ತಕ್ಕೂ ಕೈಬದಲಾದ ಮೊತ್ತಕ್ಕೂ ಅಂತರವಿರುವ ಕಡೆ ಅದು ಕಷ್ಟ.

ಸೌದೆಯ ಪ್ರಶ್ನೆಗೆ ಹೆಚ್ಚು ಹೊಂದುವುದು ಆಯ್ಕೆ ಪ್ರಯೋಗ. ಬೆಳೆಗಾರನ ಮುಂದೆ ಎರಡು ಚೀಟಿ ಇಡುತ್ತಾರೆ. ಒಂದರಲ್ಲಿ ಎಕರೆಗೆ ಐವತ್ತು ಸರ್ವೆ ಸಸಿ, ಸುಧಾರಿತ ಒಲೆ, ವರ್ಷಕ್ಕೆ ಇಷ್ಟು ಹಣ. ಇನ್ನೊಂದರಲ್ಲಿ ಬದುವಿಗೆ ಮಿಶ್ರ ಮರ, ಹಳೆಯ ಒಲೆ, ಕಡಿಮೆ ಹಣ. ಮೂರನೆಯದು ‘ಈಗಿರುವಂತೆಯೇ ಇರಲಿ’. ಡೇನಿಯಲ್ ಮೆಕ್‌ಫ್ಯಾಡನ್ ಅವರ 1974ರ ಮಾದರಿಯಿಂದ ಪ್ರತಿ ಗುಣದ ತೂಕ ಸಿಗುತ್ತದೆ. ಅದನ್ನು ಹಣದ ಗುಣಾಂಕದಿಂದ ಭಾಗಿಸಿದರೆ ಆ ಗುಣದ ಬೆಲೆ. ಎಲ್ಲರ ರುಚಿ ಒಂದೇ ಅಲ್ಲವಾದ್ದರಿಂದ ಈಗ ಮಿಶ್ರ ಲಾಜಿಟ್ ರೂಢಿಯಲ್ಲಿದೆ. ಹತ್ತು ಎಕರೆಯವನಿಗೂ ಎರಡು ಎಕರೆಯವನಿಗೂ ಎಕರೆಗೆ ಐವತ್ತು ಸಸಿ ಎಂಬ ಮಾತು ಒಂದೇ ಆಗಿ ಕೇಳಿಸುವುದಿಲ್ಲ ಎಂಬುದನ್ನು ಅದು ತೋರಿಸಬಲ್ಲದು.

ಯಾವ ನಾಣ್ಯ, ಯಾವ ತಿಂಗಳು

ಸೊಪ್ಪಿನ ದುಡ್ಡು ಹರಾಜು ಶುರುವಾದ ಮೇಲೆ ಬರುತ್ತದೆ. ಜುಲೈನಲ್ಲಿ ಗೊಬ್ಬರದ ಸಾಲ, ಸೌದೆಯ ಸಾಲ ತಲೆಯ ಮೇಲಿರುವಾಗ ಕೇಳಿದ ‘ಹೌದು’ ಬೇರೆ, ಬೇಲುಗಳು ಮಾರಾಟವಾದ ಜನವರಿಯ ‘ಹೌದು’ ಬೇರೆ. ಸಮೀಕ್ಷೆಯ ತಿಂಗಳನ್ನು ಹೇಳದ ಅಂಕಿಗೆ ಈ ಸೀಮೆಯಲ್ಲಿ ಅರ್ಥ ಅರ್ಧವೇ.

ರೂಪಾಯಿಯೇ ಅಳತೆಗೋಲು ಆಗಬೇಕೆಂದೂ ಇಲ್ಲ. ಪ್ರಿಯಾ ಶ್ಯಾಮಸುಂದರ್ ಮತ್ತು ರಾಂಡಾಲ್ ಕ್ರೇಮರ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಡಗಾಸ್ಕರ್‌ನ ಕಾಡಂಚಿನ ಜನರ ಪರಿಹಾರವನ್ನು ಅಕ್ಕಿಯ ಬುಟ್ಟಿಗಳಲ್ಲಿ ಕೇಳಿದರು. ಹಳೇ ಮೈಸೂರು ಸೀಮೆಯಲ್ಲಿ ಒಬ್ಬರ ಹೊಲದ ಕೆಲಸಕ್ಕೆ ಇನ್ನೊಬ್ಬರು ಕೆಲಸದಿಂದಲೇ ತೀರಿಸುವ ಮುಯ್ಯಾಳಿನ ರೂಢಿ ಇದ್ದೇ ಇದೆ. ‘ವರ್ಷಕ್ಕೆ ಎಷ್ಟು ದಿನ ಸಸಿ ಕಾಯಲು ಬರುತ್ತೀರಿ?’ ಎಂದರೆ ಹಣವಿಲ್ಲದವರ ಮನಸ್ಸೂ ಲೆಕ್ಕಕ್ಕೆ ಸಿಗುತ್ತದೆ. ಆ ದಿನಗಳನ್ನು ರೂಪಾಯಿಗೆ ತಿರುಗಿಸುವಾಗ ಎಚ್ಚರ ಬೇಕು. ಎಲೆ ಮುರಿಯುವ ಕಾಲದ ಒಂದು ದಿನದ ಕೂಲಿಯೂ ಏಪ್ರಿಲ್‌ನ ಒಂದು ದಿನದ ಕೂಲಿಯೂ ಸಮವಲ್ಲ. ಯಾರನ್ನು ಕೇಳುತ್ತೇವೆ ಎಂಬುದೂ ಅಷ್ಟೇ ಮುಖ್ಯ. ಸಮೀಕ್ಷೆಯವರು ಮಾತಾಡಿಸುವುದು ಹೆಚ್ಚಾಗಿ ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಆ ಗಂಡಸನ್ನು. ಕಡ್ಡಿಗೆ ಸೊಪ್ಪು ಕಟ್ಟುವವಳ, ಅಡುಗೆ ಒಲೆಗೆ ಪುಳ್ಳೆ ಆರಿಸುವವಳ ಪಾವತಿ ಇಚ್ಛೆಯನ್ನು ಅದೇ ಮನೆಯಲ್ಲಿ ಬೇರೆಯಾಗಿ ಕೇಳದೆ ‘ಮನೆಯ’ ಇಚ್ಛೆ ಎನ್ನುವುದು ತಪ್ಪು.

ಒಟ್ಟು ಮಾಡುವುದು

ಕೊನೆಯ ಗುಣಾಕಾರದಲ್ಲಿ ಮನೆಗೆ ಇಷ್ಟು ಎಂಬ ಅಂಕಿಗಿಂತ ಎಷ್ಟು ಮನೆ ಎಂಬ ಅಂಕಿ ಹೆಚ್ಚು ತೂಗುತ್ತದೆ. ಮುಂಬಯಿಯ ಬೊರಿವಲಿ ರಾಷ್ಟ್ರೀಯ ಉದ್ಯಾನದ ಬಗ್ಗೆ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೆಯೊಂದರ ಪಾವತಿ ಇಚ್ಛೆ ಬಂದದ್ದು ತಿಂಗಳಿಗೆ ಬರೀ ಏಳೂವರೆ ರೂಪಾಯಿ. ಇಡೀ ನಗರಕ್ಕೆ, ಐದು ವರ್ಷಕ್ಕೆ ಹಬ್ಬಿಸಿದಾಗ ಅದು ನೂರು ಕೋಟಿ ದಾಟಿತು.

2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಪಶ್ಚಿಮ ಘಟ್ಟದ ನದಿಗಳ ನೀರು ಬಳಸುವ ಪಟ್ಟಣಗಳ ನೀರಿನ ಬಿಲ್ಲಿನಲ್ಲಿ ಎರಡು ಮೂರು ರೂಪಾಯಿ ಹಸಿರು ಸೆಸ್ ಸೇರಿಸುವ ಪ್ರಸ್ತಾವ ಸಿದ್ಧಪಡಿಸಲು ಅಧಿಕಾರಿಗಳಿಗೆ ಸೂಚಿಸಿದರು. ಕಾಡಂಚಿನ ರೈತರು ಮಾರಲು ಒಪ್ಪಿದ ಜಮೀನು ಕೊಳ್ಳುವುದು, ಆನೆ ತಡೆಯಲು ರೈಲ್ವೆ ಹಳಿಗಳ ಬೇಲಿ ಹಾಕುವುದು ಅದರ ಉದ್ದೇಶಗಳಲ್ಲಿ ಸೇರಿದ್ದವು. ಈ ಲೇಖನದ ವಿಧಾನಗಳಿಗೆ ಇದಕ್ಕಿಂತ ಹೊಂದುವ ಪಾವತಿ ದಾರಿ ಇಲ್ಲ: ಪ್ರತಿ ತಿಂಗಳು ಬರುವ ಬಿಲ್ಲು, ಎಲ್ಲರಿಗೂ ಗೊತ್ತಿರುವ ನೀರು, ತಪ್ಪಿಸಿಕೊಳ್ಳಲಾಗದ ವಸೂಲಿ. ಬೆಂಗಳೂರಿನ ಮನೆಗೆ 2, 5, 10, 20 ರೂಪಾಯಿಯ ಚೀಟಿ ಹಂಚಿ ಹೌದು–ಇಲ್ಲ ಕೇಳಬಹುದು. ಅದೇ ವಾರ ವೀರನಹೊಸಳ್ಳಿ ಪಕ್ಕದ ರಾಗಿ ಹೊಲದವನನ್ನೂ ನಾಗಾಪುರದ ಪುನರ್ವಸತಿ ಕೇಂದ್ರದ ಕುಟುಂಬವನ್ನೂ ಎಷ್ಟು ಪರಿಹಾರ ನ್ಯಾಯವೆಂದು ಕೇಳಿ ಎರಡು ಮೊತ್ತಗಳನ್ನೂ ಒಂದೇ ಹಾಳೆಯಲ್ಲಿ ಬರೆಯಬಹುದು.